ಬೀಜ ಮುಗೀಲಿ, ಆಮೇಲೋಗು

ನನಗಾಗ ಹನ್ನೊಂದು ವರ್ಷ. ಅದಾಗಿ ಅರವತ್ತು ವರ್ಷ ಕಳೆದಿದೆ. ಇಷ್ಟು ಕಾಲವಾದ ಮೇಲೆ ಸಿಟ್ಟು ಆರಿಹೋಗಬೇಕಿತ್ತು ಅನ್ನುವವರಿದ್ದಾರೆ. ನನಗೆ ಆರಿಲ್ಲ. ಆರಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಕೂಡಿಸಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಸೀದುಹೋಗುತ್ತದೆ. ಆದರೂ ಇದನ್ನು ಬರೆದೇ ತೀರುತ್ತೇನೆ. ನಮ್ಮಪ್ಪನನ್ನು ಊರೆಲ್ಲ ಹೊಗಳಿದ್ದು ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗೆ ಹೊಗಳಿದವರಲ್ಲಿ ಒಬ್ಬರೂ ನಮ್ಮ ಮನೆಯೊಳಗೆ ಒಂದು ದಿನ ಬಾಳಿದವರಲ್ಲ.

ಮಿಡಿಗೇಶಿ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಬಲಕ್ಕೆ ನಡುಮನೆ, ಅದರ ಹಿಂದೆ ಒಲೆಯ ಕೋಣೆ, ಒಲೆಯ ಕೋಣೆಗೆ ತಗುಲಿಕೊಂಡು ಒಂದು ಕತ್ತಲೆ ಕೋಣೆ. ಆ ಕತ್ತಲೆ ಕೋಣೆ ಅಪ್ಪನದು. ಮುರಿದ ನೊಗ, ಹರಿದ ಹಗ್ಗ, ತಳ ಕಿತ್ತ ಬಿದಿರಿನ ಮಂಕರಿ, ಹಿಡಿ ಹೋದ ಗುದ್ದಲಿ, ಸತ್ತ ಎತ್ತಿನ ಮೂಗುದಾರ, ಎಲ್ಲವನ್ನೂ ಅಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ. ಮುಂದೆ ಬೇಕಾಗುತ್ತದೆ ಅನ್ನುತ್ತಿದ್ದ. ಬೇಕಾಗಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಹರಿದ ಮಂಕರಿಗೆ ಒಂದು ಕೋಣೆ, ನಾವು ಮೂವರು ಮನುಷ್ಯರು ಮಾತ್ರ ನಡುಮನೆಯಲ್ಲಿ ಒಬ್ಬರ ಕಾಲು ಒಬ್ಬರಿಗೆ ತಾಗಿಸಿಕೊಂಡು ಮಲಗಬೇಕು. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ ಒಲೆ ಹತ್ತದೇ ಹೋದಾಗ ಅವ್ವ ಒಂದು ಹಳೇ ಮಂಕರಿಯನ್ನು ಮುರಿದು ಒಲೆಗೆ ಹಾಕಿದಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಜೊತೆ ಮಾತು ಬಿಟ್ಟ. ಗೌರಿ ಹಬ್ಬ ಬಂದು ಹೋಯಿತು, ಮಾತಿಲ್ಲ. ನೀರು ಬೇಕಾದರೆ ನನ್ನ ಕಡೆ ನೋಡಿ 'ನೀರು' ಅನ್ನುತ್ತಿದ್ದ, ಅವ್ವ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿರುತ್ತಿದ್ದಳು.

ಆ ಮನೆಯಲ್ಲಿ ಪೊರಕೆಗೆ ಒಂದು ಜಾಗ, ಪೊರಕೆಯ ತಲೆ ಯಾವ ಕಡೆ ಇರಬೇಕು ಅನ್ನುವುದಕ್ಕೆ ಒಂದು ಕಟ್ಟಳೆ. ಕುಡುಗೋಲುಗಳು ದೊಡ್ಡದರಿಂದ ಚಿಕ್ಕದಕ್ಕೆ ಗೋಡೆಯ ಮೇಲೆ ತೂಗಬೇಕು. ಮುದ್ದೆಯ ಮೇಲೆ ಗೆರೆಯಷ್ಟು ಬಿರುಕು ಕಂಡರೆ ಅಪ್ಪ ತಟ್ಟೆಯನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ತಳ್ಳುತ್ತಿದ್ದ. ಅವ್ವ ಆ ಮುದ್ದೆಯನ್ನು ತೆಗೆದುಕೊಂಡು ಹೋಗಿ ಕೈ ಒದ್ದೆ ಮಾಡಿಕೊಂಡು ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಅವಳ ಪಾಲಿನ ಸಾರು ಆರಿ ತಣ್ಣಗಾಗಿರುತ್ತಿತ್ತು. ನೆಲ ಸಾರಿಸಿದರೆ ಬಾಗಿಲ ಬೆಳಕಿಗೆ ತಲೆ ಓರೆ ಮಾಡಿ ನೋಡುವುದು, ಸಗಣಿಯ ಗೆರೆ ಒಂದಕ್ಕೊಂದು ಅಡ್ಡ ಬಿದ್ದಿದ್ದರೆ ಅವಳ ಕೈಯಿಂದ ಬಕೆಟ್ಟು ಕಿತ್ತುಕೊಂಡು ಇಡೀ ನಡುಮನೆಯನ್ನು ತಾನೇ ಮತ್ತೆ ಸಾರಿಸುವುದು.

"ಬುಡು, ನಿನ್ ಕೈಲಿ ಆಗಾಕಿಲ್ಲ. ಒಂದ್ ಕೆಲ್ಸನಾದ್ರೂ ನೆಟ್ಟಗೆ ಮಾಡಿದ್ದೀಯೇನೆ ನೀನು?"

ಬೇಸರದಲ್ಲಿ ಹೇಳುವ ಮಾತಲ್ಲ ಅದು. ಕರುವಿಗೆ ಹುಲ್ಲು ಹಾಕಬೇಕು ಅನ್ನುವಷ್ಟು ಸಹಜವಾಗಿ ಹೇಳುತ್ತಿದ್ದ. ಸೊಸೆಯಾಗಿ ಬಂದ ದಿನದಿಂದ ಅದನ್ನೇ ಕೇಳಿಸಿಕೊಂಡ ಅವ್ವನಿಗೆ ತನ್ನ ಕೈಯ ಮೇಲೆ ನಂಬಿಕೆ ಹೊರಟುಹೋಗಿತ್ತು. ಉಪ್ಪು ಹಾಕಿದ ಮೇಲೂ ಹಾಕಿದೆನೋ ಇಲ್ಲವೋ ಅಂತ ನನ್ನನ್ನು ಕೇಳುತ್ತಿದ್ದಳು. ಪಕ್ಕದ ಮನೆಯ ರಂಗಕ್ಕನ ಹತ್ತಿರ ಒಂದು ಸಲ ಇದನ್ನೆಲ್ಲ ಹೇಳಿಕೊಂಡು ಅತ್ತಳು. ರಂಗಕ್ಕನ ಗಂಡ ಹೆಂಡ ಕುಡಿದು ಬಂದು ಸೌದೆಯಲ್ಲಿ ಬಡಿಯುವವನು. ಅವಳು ನಕ್ಕುಬಿಟ್ಟಳು.

"ಕುಡಿಯಲ್ಲ, ಬಡಿಯಲ್ಲ, ನೆಲ ಬೇರೆ ಸಾರುಸ್ತಾನೆ. ಅಂಥ ಗಂಡ ಸಿಕ್ಕವ್ನೆ ಅಂತ ಅಳ್ತೀಯಲ್ಲೇ. ನನ್ ಗಂಡನ್ನ ನಿಂಗ್ ಕೊಡ್ತೀನಿ, ನಿನ್ನೋನ್ನ ಇತ್ಲಾಗ್ ಕಳ್ಸು ಮಾರಾಯ್ತಿ."

ಅವ್ವನೂ ಕಣ್ಣೊರೆಸಿಕೊಂಡು ನಕ್ಕಳು. ಇನ್ನೇನು ಮಾಡುತ್ತಾಳೆ. ಬಡಿಸಿಕೊಂಡವಳಿಗೆ ತೋರಿಸಲು ಬಾಸುಂಡೆ ಇರುತ್ತದೆ. ಇವಳು ಏನನ್ನು ತೋರಿಸಬೇಕು, ಸಾಲಾಗಿ ತೂಗಿದ ಕುಡುಗೋಲುಗಳನ್ನೇ?

ಅವನಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಸುಳ್ಳು ಯಾಕೆ. ನನ್ನ ಕಾಲಿಗೆ ಜಾಲಿಮುಳ್ಳು ಮುರಿದಾಗ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನನ್ನು ಬೆಂಕಿಗೆ ಹಿಡಿದು, ಉಸಿರು ಕಟ್ಟಿ ಬಿಡಿಸಿದ. ಮುಳ್ಳು ಬಂತು. ಅಷ್ಟಕ್ಕೆ ಬಿಡಲಿಲ್ಲ. ಒಳಗೆ ಚೂರು ಉಳಿದಿದೆ ಅಂತ ಮತ್ತೆ ಕೆದಕಿದ, ಇನ್ನೂ ಕೆದಕಿದ, ರಕ್ತ ಬಂದು ಅವನ ಪಂಚೆಗೆ ಇಳಿಯಿತು. ನಾನು ಕಿರುಚುತ್ತಿದ್ದೆ. 'ಆಯ್ತು ಕಣವ್ವ, ಆಯ್ತು, ಎಲ್ಲಾ ತೆಗೆದ್ಬುಡಾನ' ಅನ್ನುತ್ತಲೇ ಇದ್ದ. ಮುಳ್ಳಿನಿಂದಾದ ಗಾಯ ಒಂದು ದಿನದ್ದು. ಅಪ್ಪ ಮಾಡಿದ ಗಾಯಕ್ಕೆ ನಾನು ತಿಂಗಳು ಕುಂಟಿದೆ.

ನನ್ನ ಮೊಮ್ಮಗಳು ಸಿರಾದಲ್ಲಿ ನರ್ಸಾಗಿದ್ದಾಳೆ. ಹೋದ ವರ್ಷ ಕೊರಟಗೆರೆಯ ನನ್ನ ಮನೆಗೆ ಬಂದಾಗ ಇದೆಲ್ಲ ಮಾತಿಗೆ ಬಂತು.

"ಅಜ್ಜಿ, ಅದೂ ಒಂಥರಾ ಕಾಯಿಲೆನೇ. ವ್ಯಕ್ತಿತ್ವದ ತೊಂದರೆ ಅಂತಾರೆ ಡಾಕ್ಟ್ರು. ಎಲ್ಲಾ ನಾನಂದಂಗೇ ಆಗ್ಬೇಕು, ಒಂಚೂರೂ ತಪ್ಪಿರಬಾರ್ದು ಅನ್ನೋ ಹಟ. ಪಾಪ, ಅವರು ಬೇಕು ಅಂತ ಮಾಡಿದ್ದಲ್ಲ."

"ಕಾಯಿಲೆ ಅಂದ್ರೆ ಇರೋನಿಗೆ ನೋಯ್ಬೇಕಲ್ವೇನಮ್ಮಿ? ಅವ್ನು ಆರಾಮಾಗಿದ್ದ. ನೊಂದಿದ್ದು ನಾವು."

"ಅದೇ ಅಜ್ಜಿ, ಅದರ ಲಕ್ಷಣಾನೇ ಅದು. ತಾವೇ ಸರಿ ಅಂದ್ಕೊಂಡಿರ್ತಾರೆ."

"ಅಂಗಾದ್ರೆ ಔಷಧಿ ಯಾರಿಗ್ ಕೊಡ್ತಾರೆ?"

ಮೊಮ್ಮಗಳು ನಕ್ಕುಬಿಟ್ಟಳು. ಕಾಯಿಲೆಯಾದರೆ ಕಾಯಿಲೆಯೇ ಇರಲಿ. ಹೆಸರು ಸಿಕ್ಕಿತು ಅಂತ ನಮ್ಮವ್ವ ಕಳೆದುಕೊಂಡದ್ದು ವಾಪಸು ಬರುವುದಿಲ್ಲ. ಕಳೆದುಕೊಂಡದ್ದು ಏನು ಅಂತ ಹೇಳುತ್ತೇನೆ.

ಮುಂಗಾರಿಗೆ ಮುಂಚೆ ನಮ್ಮ ಕಡೆ ಮನೆಮನೆಯಲ್ಲೂ ಬಿತ್ತನೆಯ ಕಡ್ಲೆಕಾಯಿ ಬಿಡಿಸುವ ಕೆಲಸ. ಎರಡು ಬೆರಳಲ್ಲಿ ಕಾಯಿಯ ಮೂತಿ ಒತ್ತಿದರೆ ಬಾಯಿ ಬಿಡುತ್ತದೆ, ಒಳಗಿನ ಬೀಜ ತೆಗೆಯಬೇಕು. ಬೀಜದ ಮೇಲಿನ ಕೆಂಪು ಸಿಪ್ಪೆ ಕಿತ್ತುಹೋದರೆ ಮೊಳಕೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೇ ಬೆರಳ ತುದಿ ಬೆಂದಂತಾಗುತ್ತದೆ, ಆಮೇಲೆ ಹೆಂಗಸರು ಕಾಯನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಾರೆ. ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ರಂಗಕ್ಕನ ಮನೆಯ ಕಾಯಿಗೆ ಕೇರಿಯ ಹೆಂಗಸರೆಲ್ಲ ಹೋಗುವುದು, ನಾಳೆ ರಂಗಕ್ಕ ಅವರವರ ಮನೆಗೆ ಹೋಗಿ ತೀರಿಸುವುದು. ಮಾತು, ನಗು, ಯಾರ ಮಗಳು ಮೈನೆರೆದಳು, ಯಾರ ಅತ್ತೆ ಯಾರ ತಲೆಗೆ ಎಣ್ಣೆ ಕೊಡಲಿಲ್ಲ, ಎಲ್ಲ ಅಲ್ಲೇ. ನಮ್ಮ ಮನೆಗೆ ಮಾತ್ರ ಮುಯ್ಯಾಳು ಬರುವಂತಿರಲಿಲ್ಲ. ಅವರು ಹಲ್ಲು ಹಾಕುತ್ತಾರೆ, ಎಂಜಲು ತಾಗಿದ ಬೀಜ ಹೊಲಕ್ಕೆ ಹಾಕುವುದಿಲ್ಲ ಅನ್ನುತ್ತಿದ್ದ ಅಪ್ಪ. ಊರಿನ ಅರ್ಧ ಹೊಲ ಎಂಜಲು ಬೀಜದಲ್ಲೇ ಹಸಿರಾಗುತ್ತಿತ್ತು, ಅದು ಅವನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಅಷ್ಟೂ ಚೀಲದ ಕಾಯಿಯನ್ನು ಅವ್ವ ಒಬ್ಬಳೇ ಬಿಡಿಸಬೇಕು, ಜೊತೆಗೆ ನಾನು. ಬಿಡಿಸಿದ್ದನ್ನು ಅಪ್ಪ ಒಂದೊಂದೇ ನೋಡಿ ಆರಿಸಬೇಕು.

ಆ ಸಲ ಕೆಲಸ ಅರ್ಧ ಆಗಿತ್ತು. ಬೆಳಗಿನ ಬಸ್ಸಿಗೆ ನಮ್ಮ ಮಾವ ಬಂದ. ಅವ್ವನ ತಮ್ಮ, ಪಾವಗಡದ ಆಚೆ ನಿಡುಗಲ್ಲಿನವನು. ಆ ಕಡೆ ಮಾತಿನಲ್ಲಿ ತೆಲುಗು ಸೇರಿಕೊಂಡಿರುತ್ತದೆ. ಚಪ್ಪಲಿ ಬಿಡುವಾಗಲೇ ಅವನ ಮುಖ ನೋಡಿ ಅವ್ವನ ಕೈ ನಿಂತುಹೋಯಿತು.

"ಅಕ್ಕಯ್ಯಾ, ಅಮ್ಮ ಗಂಜೀನೂ ಇಳಿಸ್ತಾ ಇಲ್ಲ. 'ನಾ ಬಿಡ್ಡ ಎಪ್ಪುಡೊಸ್ತುಂದಿ' ಅಂತ ಬಾಗ್ಲು ಕಡೆ ನೋಡ್ತಾಳೆ. ನನ್ ಮಗಳು ಯಾವಾಗ ಬರ್ತಾಳೆ ಅಂತ ಅದೊಂದೇ ಮಾತು. ಕರ್ಕೊಂಡೋಗಾನ ಅಂತ ಬಂದೆ."

ಅವ್ವ ಎದ್ದುಬಿಟ್ಟಳು. ಮಡಿಲಿನ ಸಿಪ್ಪೆ ನೆಲಕ್ಕೆ ಬಿತ್ತು. ಅಪ್ಪ ಮೊದಲು ಆ ಸಿಪ್ಪೆಯನ್ನು ನೋಡಿದ. ಆಮೇಲೆ ಮಾವನಿಗೆ ಕಂಬಳಿ ಹಾಸಿದ, ಮಜ್ಜಿಗೆ ತರಿಸಿಕೊಟ್ಟ, ಅತ್ತೆಗೆ ಯಾವಾಗಿಂದ ಹೀಗಾಗಿದೆ ಅಂತ ವಿಚಾರಿಸಿದ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ.

"ಕಳುಸ್ತೀನಿ ಕಣಪ್ಪ. ಹೆತ್ತವ್ವನ್ನ ನೋಡ್ಬ್ಯಾಡ ಅಂತೀನಾ? ಮೋಡ ನೋಡಿದ್ಯಲ್ಲ, ಮಳೆ ಇವತ್ತೋ ನಾಳೆನೋ. ಬೀಜ ಮುಗೀಲಿ, ಆಮೇಲ್ ಬರ್ತಾಳೆ."

"ಭಾವ, ಅಮ್ಮ ಅಷ್ಟ್ ದಿನ ಕಾಯಲ್ಲ. ನಾಲ್ಕು ಹೆಂಗಸರನ್ನ ಕರೆದ್ರೆ ಸಾಯಂಕಾಲಕ್ಕೆ ಮುಗೀತದೆ."

"ಅವರ ಕೈ ನಂಗ್ ಬ್ಯಾಡ."

"ಅಕ್ಕನ್ ಕೈನಾದ್ರೂ ನಿಂಗೆ ಸರೀನಾ?"

ಅಪ್ಪನಿಗೆ ಆ ಮಾತು ತಾಗಲೇ ಇಲ್ಲ. ನಿಜವಾಗಿ ಪ್ರಶ್ನೆ ಕೇಳಿದ್ದಾನೆ ಅಂದುಕೊಂಡು, 'ಅವಳ್ದೂ ಅಷ್ಟಕ್ಕಷ್ಟೇ, ನಾನ್ ಆರಿಸ್ತೀನಲ್ಲ' ಅಂದ. ಮಾವ ಮಧ್ಯಾಹ್ನದ ತನಕ ಕೂತಿದ್ದು ಒಬ್ಬನೇ ಹೋದ. ಹೋಗುವಾಗ ಅಕ್ಕನ ಮುಖ ನೋಡಲಿಲ್ಲ. ಅವ್ವ ಕೂಗಿ ಜಗಳವಾಡಬಹುದಿತ್ತು, ಅವನ ಹಿಂದೆಯೇ ಹೋಗಿಬಿಡಬಹುದಿತ್ತು. ಈಗಿನವರು ಅದನ್ನೇ ಕೇಳುತ್ತಾರೆ. ಉಪ್ಪು ಹಾಕಿದ್ದು ತನಗೇ ಗೊತ್ತಾಗದಂತೆ ಮಾಡಿಸಿಕೊಂಡವಳಿಗೆ ಅದೆಲ್ಲ ಎಲ್ಲಿಂದ ಬರಬೇಕು. ಅವಳು ಕೂತಳು, ಕಾಯಿ ಒತ್ತಿದಳು.

ಮರುದಿನ ಅಪ್ಪ ಕುಂಟೆ ಹೊಡೆಯಲು ಹೊಲಕ್ಕೆ ಹೋದ. ಅವನು ಬೇಲಿ ದಾಟಿದ ಮೇಲೆ ರಂಗಕ್ಕ ಇನ್ನು ಮೂರು ಹೆಂಗಸರನ್ನು ಕಟ್ಟಿಕೊಂಡು ನಮ್ಮ ನಡುಮನೆಗೆ ನುಗ್ಗಿದಳು. ಗಂಡನನ್ನು ಬದಲಾಯಿಸಿಕೊಳ್ಳೋಣ ಅಂದಿದ್ದವಳೇ.

"ಸರ್ಕೊಳೆ ಅತ್ಲಾಗೆ. ನಿನ್ ಗಂಡ ಬರೋಷ್ಟೊತ್ಗೆ ಮುಗ್ಸಿ ಕೈ ತೊಳ್ಕೊಂತೀವಿ. ನಾಳೆ ಮೊದ್ಲ ಬಸ್ ಹತ್ತು ನೀನು."

"ಹಲ್ಲಾಕ್ಬ್ಯಾಡ್ರಮ್ಮ, ನಿಮ್ ಕಾಲಿಗ್ ಬೀಳ್ತೀನಿ."

"ಇಲ್ಲ ಬುಡು. ನನ್ ಬಾಯಲ್ಲಿ ಹಲ್ಲಾದ್ರೂ ಎಲ್ಲಿ ಅವೆ?"

ನಮ್ಮ ಮನೆಯಲ್ಲಿ ಅಷ್ಟೊಂದು ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಅಜ್ಜಿಯ ಸುದ್ದಿ ಹೇಳುತ್ತ ಅಳುತ್ತಿದ್ದಳು, ನಡುವೆ ನಗುತ್ತಿದ್ದಳು. ಹೊತ್ತು ಇಳಿಯುವುದಕ್ಕೆ ಮುಂಚೆಯೇ ಕಾಯಿ ಮುಗಿಯಿತು. ಒಳ್ಳೇ ಬೀಜ ಒಂದು ಮಂಕರಿಗೆ, ಒಡಕು ಮುರುಕು ಇನ್ನೊಂದಕ್ಕೆ. ಅವ್ವ ಸಿಪ್ಪೆಯನ್ನೆಲ್ಲ ಗುಡಿಸಿ, ಪೊರಕೆಯನ್ನು ಅದರ ಜಾಗದಲ್ಲಿ ಇಟ್ಟು, ಒಂದು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕಡೆಕಡೆಗೆ ಬೆರಳು ಸೋತು ಯಾರೋ ಒಂದಷ್ಟು ಕಾಯಿಗೆ ಹಲ್ಲು ಹಾಕಿರಬೇಕು. ಬೆರಳು ನೋಯುವಾಗ ಹಲ್ಲು ತಾನಾಗಿ ಹೋಗುತ್ತದೆ, ಅದಕ್ಕೆ ಯಾರನ್ನು ದೂರುವುದು.

ಅಪ್ಪ ಬಂದ, ಕೈಕಾಲು ತೊಳೆದ, ಮಂಕರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಆಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಗಿಲ ಬೆಳಕಿಗೆ ಹಿಡಿದ.

"ಯಾರ್ ಬಂದಿದ್ರು?"

"ರಂಗಕ್ಕ ಬಂದಿದ್ಲು."

"ಇದು ಹಲ್ಲಿನ ಗುರುತು."

"ಒಂದೋ ಎರಡೋ ಇರ್ಬೌದು. ಇವಾಗ್ಲೇ ಆರ್ಸಿ ತೆಗ್ದುಬುಡ್ತೀನಿ."

"ಯಾವ್ದು ಅಂತ ನಿಂಗ್ ಹೆಂಗ್ ಗೊತ್ತಾಗ್ತದೆ? ಗೊತ್ತಾಗಂಗಿದ್ರೆ ಇದ್ನ ಇಲ್ಲಿಗ್ ಹಾಕ್ತಿದ್ದಾ?"

"ನಮ್ಮವ್ವ ಬಾಗ್ಲು ನೋಡ್ತಾ ಅವಳೆ ಕಣಯ್ಯ."

"ಹೋಗು ಮತ್ತೆ, ಯಾರ್ ಬ್ಯಾಡ ಅಂದ್ರು. ಬೀಜ ಮುಗೀಲಿ, ಆಮೇಲೋಗು."

ಹಾಗಂದು ಒಳ್ಳೇ ಬೀಜದ ಮಂಕರಿಯನ್ನು ಎತ್ತಿ ಒಡಕಿನ ರಾಶಿಯ ಮೇಲೆ ಸುರಿದ. ಎರಡೂ ಕೈ ಹಾಕಿ, ಹಿಟ್ಟು ಕಲಸುವ ಹಾಗೆ, ತಳದಿಂದ ಮೇಲಕ್ಕೆ ಕಲಸಿದ. ಇನ್ನು ಒಂದೊಂದು ಬೀಜವನ್ನೂ ಹಿಡಿದು ನೋಡಿ ಮೊದಲಿಂದ ಆರಿಸಬೇಕು. ಅವ್ವ ಮೊರ ಎಳೆದುಕೊಂಡು ಕೂತಳು. ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಪ್ಪ ಸುರಿದು ಎದ್ದುಹೋಗಲಿಲ್ಲ. ದಣಿದು ಬಂದಿದ್ದವನು ಉಣ್ಣದೆ ತಾನೂ ಅವಳ ಪಕ್ಕದಲ್ಲಿ ಕೂತು ಆರಿಸಲು ಶುರು ಮಾಡಿದ. ಅದಕ್ಕೇ ಅವನನ್ನು ಕೆಟ್ಟವನು ಅನ್ನಲು ಯಾರಿಗೂ ಆಗುತ್ತಿರಲಿಲ್ಲ. ಅವನ ನ್ಯಾಯ ಅಷ್ಟು ಅಚ್ಚುಕಟ್ಟು. ನಾನು ಆ ಇಬ್ಬರ ಬಗ್ಗಿದ ಬೆನ್ನು ನೋಡುತ್ತ ಕೂತೆ. ಊರಿನವರು ನನ್ನನ್ನು ಬಾಯಿಬಡುಕಿ ಅನ್ನುತ್ತಾರಲ್ಲ, ಆ ಬಾಯಿ ನನಗೆ ಹುಟ್ಟಿದ್ದು ಅಲ್ಲಿ.

ಅದರ ಮಾರನೇ ದಿನವೂ ಆರಿಸಿದರು. ಇನ್ನೂ ಒಂದು ಮೊರದಷ್ಟು ಉಳಿದಿತ್ತು. ಮತ್ತೊಂದು ಬೆಳಗಾದಾಗ ಮಾವನ ಊರಿನವರೊಬ್ಬರು ಬಸ್ಸಿಳಿದು ಬಂದು ಅಂಗಳದಲ್ಲೇ ನಿಂತರು. ಒಳಗೆ ಬರಲಿಲ್ಲ. ಸಾವಿನ ಸುದ್ದಿ ತಂದವರು ಒಳಗೆ ಬರುವುದಿಲ್ಲ. ಅವ್ವನಿಗೆ ಬೇರೆ ಹೇಳಬೇಕಾಗಲಿಲ್ಲ.

ಆಗಲೂ ಮಣ್ಣಿಗೆ ಮುಂಚೆ ಮುಖ ನೋಡಬಹುದಿತ್ತು. ನಾವು ರಸ್ತೆಗೆ ಬಂದು ನಿಂತೆವು. ಪಾವಗಡದ ಬಸ್ಸು ದೂರದಲ್ಲಿ ಕಾಣುತ್ತಿತ್ತು. ಅಪ್ಪ ಇದ್ದಕ್ಕಿದ್ದಂತೆ, ಬೀಜದ ಚೀಲದ ಬಾಯಿ ಕಟ್ಟಿದ್ದು ಸರಿಯಾಗಿಲ್ಲ, ಇಲಿ ಬೀಳುತ್ತವೆ, ಈಗ ಬಂದೆ ಅಂತ ಮನೆಯ ಕಡೆ ತಿರುಗಿದ. ಬಸ್ಸು ಬಂತು. ಅವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಮನೆಯ ದಾರಿ ನೋಡಿದಳು.

"ಹತ್ತಮ್ಮ, ಇಲ್ಲ ಇಳಿಯಮ್ಮ, ಏನೋ ಒಂದ್ ಮಾಡು," ಅಂದ ಕಂಡಕ್ಟರು.

"ಹತ್ತವ್ವ," ಅಂದೆ ನಾನು. ಅವಳ ಸೆರಗು ಹಿಡಿದು ಮೇಲಕ್ಕೆ ಎಳೆದೆ. ಅವಳು ಕಾಲು ಕೆಳಗಿಟ್ಟಳು. ಬಸ್ಸು ಹೋಯಿತು. ಅಪ್ಪ ಅವಸರವಿಲ್ಲದೆ ಬಂದು, ಗಂಟು ಜಾರಿತ್ತು, ನೋಡಿದ್ದು ಒಳ್ಳೇದಾಯಿತು ಅಂದ.

ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಪಾವಗಡದಲ್ಲಿ ಇಳಿದು, ಸಿಕ್ಕಿದ ಎತ್ತಿನ ಗಾಡಿ ಹತ್ತಿ, ನಿಡುಗಲ್ಲು ಸೇರುವಾಗ ಇಳಿಬಿಸಿಲು ಬೆಟ್ಟದ ನೆತ್ತಿಯಲ್ಲಷ್ಟೇ ಉಳಿದಿತ್ತು. ಮಾವ ಹೊಲದ ಅಂಚಿನಲ್ಲಿ ನಿಂತಿದ್ದ, ಕೈಯೆಲ್ಲ ಮಣ್ಣು.

"ತಡೀಲಿಲ್ಲ ಅಕ್ಕಯ್ಯಾ. ಬಿಸಿಲು. ಎಷ್ಟೊತ್ತು ಅಂತ ಇಟ್ಕೊಳಾನ."

ಹಸಿ ಮಣ್ಣಿನ ಗುಡ್ಡೆ, ನಾಯಿ ಕೆದಕದ ಹಾಗೆ ಮೇಲೆ ಮುಳ್ಳಿನ ಕೊಂಬೆ, ಸುತ್ತ ಕೈಗೆ ಸಿಕ್ಕಿದ ಕಲ್ಲುಗಳು. ಅವ್ವ ಅದರ ಪಕ್ಕದಲ್ಲಿ ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಅಳಲಿಲ್ಲ. ಅಪ್ಪ ಆ ಕಡೆ ಕುಕ್ಕರುಗಾಲಲ್ಲಿ ಕೂತು ಒಂದು ಕಲ್ಲನ್ನು ಒಳಕ್ಕೆ ಸರಿಸಿದ. ಇನ್ನೊಂದನ್ನು ಹೊರಕ್ಕೆ ಎಳೆದ. ಕಣ್ಣು ಕಿರಿದು ಮಾಡಿ ಸಾಲು ನೋಡಿದ. ಮೂರನೆಯದಕ್ಕೆ ಕೈ ಹಾಕಿದ.

"ಮುಟ್ಬ್ಯಾಡ," ಅಂದಳು ಅವ್ವ.

"ಸೊಟ್ಟ ಅವೆ ಕಣೆ."

"ಇರ್ಲಿ. ಕೈ ತೆಗಿ."

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಅಪ್ಪನ ಕೈ ಕಲ್ಲಿನ ಮೇಲೆಯೇ ನಿಂತಿತು. ಏನು ತಪ್ಪಾಯಿತು ಅಂತ ನಿಜವಾಗಿಯೂ ತಿಳಿಯದವನ ಹಾಗೆ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಸಾಯುವ ತನಕ ಅದು ತಿಳಿಯಲಿಲ್ಲ. ತಿಥಿಗಳೆಲ್ಲ ಮುಗಿದ ಮೇಲೆ ಅವ್ವ ಮಿಡಿಗೇಶಿಗೆ ವಾಪಸು ಹೋದಳು, ಅದೇ ಮನೆಯಲ್ಲಿ ಅದೇ ನೆಲ ಸಾರಿಸಿ ಬಾಳಿದಳು, ಅವನಿಗಿಂತ ಮುಂಚೆ ಹೋದಳು. ಅವಳು ಗೆದ್ದಳು ಅಂತ ಬರೆಯಲು ನನಗೂ ಆಸೆ. ಗೆಲ್ಲಲಿಲ್ಲ. ಅವಳ ಹೆಣದ ಮುಂದೆಯೂ ಜನ ಅಪ್ಪನನ್ನೇ ಹೊಗಳಿದರು, ಎಷ್ಟು ನೇಮದ ಮನುಷ್ಯ, ಪುಣ್ಯ ಮಾಡಿದ್ದಳು ಅಂದರು. ಅಂದವರನ್ನು ನಾನು ಅಲ್ಲೇ ಅಂಗಳದಿಂದ ಆಚೆ ಕಳಿಸಿದೆ.

ಆದರೆ ಅಜ್ಜಿಯನ್ನು ಮಣ್ಣು ಮಾಡಿದ ಮರುದಿನದ ಬೆಳಿಗ್ಗೆ ಮಾತ್ರ ನನ್ನದು. ಮಾವನ ನಡುಮನೆಯಲ್ಲಿ ಅವ್ವ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಬಿಸಿಲು ಒಳಗೆ ಬಂದು ಅವಳ ಕಾಲಿನ ಮೇಲೆ ಬಿದ್ದಿತ್ತು, ಆದರೂ ಎದ್ದಿರಲಿಲ್ಲ. ಬೆಳಕಿನಲ್ಲಿ ಅವಳು ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. ಅಂಗಳದಲ್ಲಿ ಅಪ್ಪ ಮುಖ ತೊಳೆದು, ಟವೆಲ್ಲು ಕೊಡವಿ ಮಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ನಾನು ಹೋಗಿ ತಲೆಬಾಗಿಲ ಹೊಸಿಲ ಮೇಲೆ ಕೂತೆ. ಬೆನ್ನನ್ನು ಒಂದು ಕಡೆಯ ಬಾಗಿಲುವಾಡಕ್ಕೆ ಒರಗಿಸಿ, ಕಾಲು ಚಾಚಿ ಇನ್ನೊಂದು ಕಡೆಗೆ ಒತ್ತಿದೆ.

"ನಿಮ್ಮವ್ವನ್ನ ಎಬ್ಬಿಸು. ಬಸ್ಸಿಗೊತ್ತಾಯ್ತು."

"ಮಲಗವಳೆ."

"ಹೊಸಿಲ ಮ್ಯಾಲೆ ಕುಂತ್ಕಬಾರ್ದು, ಏಳು."

"ಏಳಲ್ಲ."

"ಲೇ, ಕಾಲ್ ತೆಗಿ. ನಾನೇ ಎಬ್ಬಿಸ್ತೀನಿ."

"ದಾಟ್ಕೊಂಡೋಗು."

ಮಗಳ ಕಾಲು ದಾಟುವುದು ಅವನ ಕಟ್ಟಳೆಯಲ್ಲಿ ಇರಲಿಲ್ಲ. ನನಗದು ಗೊತ್ತಿತ್ತು. ಅವನು ಬಗ್ಗಿ ನನ್ನ ತಲೆಯ ಮೇಲಿಂದ ಒಳಗೆ ನೋಡಿದ, ಮಲಗಿದವಳನ್ನು ನೋಡಿದ, ಆಮೇಲೆ ಹೊತ್ತು ನೋಡಿದ. ಮೋಡ ಬೆಟ್ಟದ ಆಚೆ ಕಟ್ಟುತ್ತಿತ್ತು. ಅವನು ಚಪ್ಪಲಿ ಹಾಕಿಕೊಂಡು ಒಬ್ಬನೇ ಹೊರಟ. ಬೇಲಿಯ ಹತ್ತಿರ ಒಂದು ಸಲ ತಿರುಗಿದ. ನಾನು ಕಾಲು ತೆಗೆದಿರಲಿಲ್ಲ. ಮಾವನ ಹೆಂಡತಿ ನೀರಿಗೆ ಹೋಗಬೇಕು ಅಂದರೂ ತೆಗೆಯಲಿಲ್ಲ, ಹಿತ್ತಿಲಿಂದ ಹೋಗು ಅಂದೆ. ಅವ್ವ ತಾನಾಗಿ ಏಳುವ ತನಕ ಅಲ್ಲೇ ಕೂತಿದ್ದೆ.